1851 ನೇವಿ ರಿವಾಲ್ವರ್ ರೆಪ್ಲಿಕಾ: ನಿಧಾನಕ್ಕೆ ಎಳೆದ್ರೆ ಸಿಲಿಂಡರ್ ಲಾಕ್ ಆಗ್ತಿಲ್ಲ, ಗುಂಡೂ ಮೇಲೆ ಹೋಗ್ತಿದೆ

ವರ್ಜೀನಿಯಾ ಮೈಸೂರಿಗ:

ಎಲ್ರಿಗೂ ನಮಸ್ಕಾರ. ನಮ್ದು ಮೈಸೂರು, ಈಗ ಹನ್ನೊಂದು ವರ್ಷದಿಂದ ವರ್ಜೀನಿಯಾದ ವಿಂಚೆಸ್ಟರ್ ಹತ್ರ ಇದೀವಿ. ಪಕ್ಕದ ಮನೆ ಅಜ್ಜ ಒಬ್ರು ಸಿವಿಲ್ ವಾರ್ ಕಾಲದ ಬಟ್ಟೆ ಹಾಕ್ಕೊಂಡು ಮದ್ದಿನ ಬಂದೂಕಿನ ಪಂದ್ಯಕ್ಕೆ ಹೋಗೋರು, ಇಲ್ಲೇ ಫೋರ್ಟ್ ಶೆನಾಂಡೋವಾ ಅಂತ ಇದೆಯಲ್ಲ, ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್‌ನೋರ ಜಾಗ, ಅಲ್ಲಿಗೆ. ನನ್ನೂ ಎರಡು ಸಲ ಕರ್ಕೊಂಡು ಹೋಗಿದ್ರು, ಆ ಹೊಗೆ, ಆ ವಾಸನೆ, ಒಂದೊಂದು ಈಡನ್ನೂ ಕೈಯಾರೆ ತುಂಬ್ಕೊಂಡು ಹೊಡೆಯೋದು, ನನಗೆ ತುಂಬಾ ಹಿಡಿಸ್ಬಿಡ್ತು. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಅದಕ್ಕೆ ತಮ್ಮ ಹತ್ರ ಇದ್ದ ಕೋಲ್ಟ್ 1851 ನೇವಿ ರಿವಾಲ್ವರಿನ ರೆಪ್ಲಿಕಾ, ಅಂದ್ರೆ ಹಳೇದರ ನಕಲು, ನನಗೆ ಕಮ್ಮಿ ದುಡ್ಡಿಗೆ ಕೊಟ್ರು. ಇಟಲಿದು, .36 ಕ್ಯಾಲಿಬರ್, ಸ್ಟೀಲ್ ಫ್ರೇಮ್, ಚೌಕದೊಳಗೆ ಬಿ ಎಂ ಅಂತ ಎರಡಕ್ಷರ ಇದೆ.

ಸಮಸ್ಯೆ ಏನಂದ್ರೆ, ಹ್ಯಾಮರ್ (ಈಡು ಹಾರಿಸೋ ಹಿಂದಿನ ಸುತ್ತಿಗೆ) ಜೋರಾಗಿ ಎಳೆದ್ರೆ ಎಲ್ಲ ಸರಿ ಇರತ್ತೆ, ಆದ್ರೆ ನಿಧಾನಕ್ಕೆ ಎಳೆದ್ರೆ ಸಿಲಿಂಡರ್‌ನ ಆರು ಚೇಂಬರಲ್ಲಿ (ಮದ್ದು ಗುಂಡು ತುಂಬೋ ತೂತು) ಎರಡು ಪೂರ್ತಿ ಬಂದು ಕೂರಲ್ಲ, ಫುಲ್ ಕಾಕ್ ಆದ್ಮೇಲೂ, ಅಂದ್ರೆ ಹ್ಯಾಮರ್ ಪೂರ್ತಿ ಹಿಂದೆ ನಿಂತ್ಮೇಲೂ, ಸಿಲಿಂಡರ್‌ನ ಬೆರಳಲ್ಲಿ ಒಂಚೂರು ತಿರುಗಿಸಿದ್ರೆ ಆಮೇಲೆ ಟಕ್ ಅಂತ ಕೂರತ್ತೆ. ನನಗಿದು ಗೊತ್ತಿರ್ಲಿಲ್ಲ, ಹೋದ ಭಾನುವಾರ ರೇಂಜಲ್ಲಿ ಹೊಡೀತಿದ್ದಾಗ ಪಕ್ಕದ ಸಾಲಲ್ಲಿ ನಿಂತಿದ್ದವ್ರ ಮುಂಗೈಗೆ ಸೀಸದ ಚೂರು ಸಿಡೀತು, ರಕ್ತ ಬಂತು, ಸಣ್ಣದೇ ಆದ್ರೂ ನನಗೆ ಎದೆ ಝಲ್ ಅಂತು. ರೇಂಜ್ ಆಫೀಸರ್ ತಕ್ಷಣ ನಿಲ್ಲಿಸಿದ್ರು, ರಿಪೇರಿ ಆಗೋ ತನಕ ಇದನ್ನ ತರಬೇಡಿ ಅಂದ್ರು. ಸರಿಯಾಗೇ ಹೇಳಿದ್ರು ಅವ್ರು.

ಇನ್ನೆರಡು ವಿಷ್ಯ. 25 ಗಜಕ್ಕೆ ಎಲ್ಲ ಗುಂಡೂ ಸುಮಾರು 8 ಇಂಚು ಮೇಲೆ ಬೀಳ್ತಿದೆ. ಮತ್ತೆ ಹೊಡೆದ ಕೇಪಿನ (ಮದ್ದಿಗೆ ಕಿಡಿ ಕೊಡೋ ಸಣ್ಣ ತಾಮ್ರದ ಟೋಪಿ) ಚೂರು ಹ್ಯಾಮರ್ ಒಳಗೆ ಬಿದ್ದು ಎರಡು ಮೂರು ಈಡಿಗೊಂದ್ಸಲ ಸಿಕ್ಕಾಕ್ಕೊಳ್ಳತ್ತೆ. ಒಂದು ಅಂಗಡೀಲಿ ಕೇಳ್ದೆ, ಹಳೇದು ಬಿಸಾಕಿ ಹೊಸದು ತಗೊಳ್ಳಿ ಅಂದ್ರು. ನನಗೆ ಬಿಸಾಕೋಕೆ ಮನಸ್ಸಿಲ್ಲ. ಕೈಯಲ್ಲಿ ಸಣ್ಣ ಅರ, ವೈಸ್, ಕ್ಯಾಲಿಪರ್ ಇದೆ. ಎಲ್ಲಿಂದ ಶುರು ಮಾಡ್ಲಿ?

ಧಾರವಾಡ ಫಿಟ್ಟರ್:

ನಮಸ್ಕಾರ್ರಿ. ನಾ ಓಹಾಯೋದಾಗ ಟೂಲ್ ರೂಮಿನ್ಯಾಗ ಕೆಲಸ ಮಾಡಾಂವ, ಇಂಥಾ ರಿವಾಲ್ವರ್ ನಾಕೈದು ಬಿಚ್ಚಿ ಕೂಡಿಸೀನಿ. ಮೊದಲು ಒಂದ್ ಮಾತು, ಬಿಸಾಕಬ್ಯಾಡ್ರಿ. ಬಿ ಎಂ ಅಂದ್ರ ಇಟಲಿ ಪ್ರೂಫ್ ಹೌಸಿನ (ಬಂದೂಕ ಪರೀಕ್ಷಾ ಮಾಡಿ ಮುದ್ರಿ ಒತ್ತೂ ಜಾಗ) ಲೆಕ್ಕದಾಗ 1999ನೇ ಇಸ್ವಿ. ಚಲೋ ಸ್ಟೀಲ್ ಫ್ರೇಮು, ಇನ್ನೂ ಎಷ್ಟೋ ವರ್ಷ ಬಾಳತೈತಿ.

ನಿಮಗ ಆಗಿರೋದು ಹ್ಯಾಂಡ್ ಸವೆದಿರೋದು ಅಂತ ನನಗ ಅನಸ್ತೈತಿ. ಹ್ಯಾಂಡ್ ಅಂದ್ರ ಹ್ಯಾಮರಿಗೆ ಹತ್ತಿಕೊಂಡಿರೋ ಉದ್ದನ್ನ ಪಟ್ಟಿ, ಬೆರಳ ಹಂಗ ಸಿಲಿಂಡರಿನ ಹಿಂದಿನ ಹಲ್ಲು ದೂಡಿ ತಿರುಗಸ್ತೈತಿ. ಕೆಳಗ ಇನ್ನೊಂದು ತುಂಡು, ಬೋಲ್ಟ್ ಅಂತಾರ, ಅದು ಮ್ಯಾಲ ಎದ್ದು ಸಿಲಿಂಡರಿನ ಕಚ್ಚಿನ್ಯಾಗ ಕುಂತು ಲಾಕ್ ಮಾಡ್ತೈತಿ. ಈ ಎರಡರದ್ದೂ ಹೊತ್ತು ಹೊಂದಬೇಕು. ಹ್ಯಾಂಡ್ ತುದಿ ಸವೆದು ಗಿಡ್ಡ ಆತಂದ್ರ ಹ್ಯಾಮರ್ ಪೂರ್ತಿ ಹಿಂದ ಬಂದರೂ ಸಿಲಿಂಡರ್ ಇನ್ನೊಂದು ಕೂದಲೆಳೆ ದೂರ ಉಳದಿರ್ತೈತಿ. ಜೋರ್ ಎಳದಾಗ ಸಿಲಿಂಡರ್ ತನ್ನ ಓಟದ ಮ್ಯಾಲ ಹೋಗಿ ಕುಂಡ್ರತೈತಿ, ಅದಕ್ಕ ನಿಮಗ ಸರಿ ಐತಿ ಅನಸ್ತು. ಚೇಂಬರ್ ಬ್ಯಾರಲ್ಲಿಗೆ ನೆಟ್ಟಗ ಬರಲಿಲ್ಲಂದ್ರ ಗುಂಡು ಬ್ಯಾರಲ್ ಅಂಚಿಗೆ ಹೆರಕೊಂಡು ಹೋಗ್ತೈತಿ, ಆ ಹೆರಕಲ ಸೀಸನ ಪಕ್ಕದವ್ರ ಕೈಗೆ ಹತ್ತಿದ್ದು.

ಖಾತ್ರಿ ಮಾಡ್ಕೊಳ್ರಿ. ಮದ್ದು ಗುಂಡು ಕೇಪು ಏನೂ ಇಲ್ಲದ ಖಾಲಿ ರಿವಾಲ್ವರ್, ಕೇಪು ಕುಂಡ್ರೂ ನಿಪ್ಪಲ್ ಎಲ್ಲಾ ಬಿಚ್ಚಿ ಇಟ್ಟು, ಎಡಗೈ ಹೆಬ್ಬೆರಳ ಸಿಲಿಂಡರ್ ಮ್ಯಾಲ ಹಗರಕ ಇಟ್ಟು ಒಂಚೂರು ತಡದು, ಹ್ಯಾಮರ್ ಭಾಳ ನಿಧಾನಕ್ಕ ಎಳೀರಿ. ಬೋಲ್ಟ್ ಕುಂತ ಸಪ್ಪಳ ಮೊದಲು ಬರಬೇಕು ಇಲ್ಲಾ ಫುಲ್ ಕಾಕ್ ಸಪ್ಪಳದ ಜೋಡಿನ ಬರಬೇಕು. ಆಮ್ಯಾಗ ಬಂತಂದ್ರ ಹ್ಯಾಂಡ್ ಗಿಡ್ಡ. ಆರೂ ಚೇಂಬರಿಗೆ ಮಾರ್ಕರ್‌ನ್ಯಾಗ ನಂಬರ್ ಬರದು ಬರಕೊಳ್ರಿ, ಯಾಕಂದ್ರ ಹಲ್ಲು ಆರೂ ಒಂದ ಸಮ ಇರೂದಿಲ್ಲ.

ಇನ್ನೊಂದು, ಸಿಲಿಂಡರಿನ ಮ್ಯಾಲ ಸುತ್ತ ಒಂದು ಗೆರಿ ಎದ್ದೈತೇನು ನೋಡ್ರಿ. ಮತ್ತ ಬ್ಯಾರಲ್ ಹಿಡದಿಡೋ ಅಡ್ಡ ಬೆಣೆ ಎಷ್ಟು ಒಳಗ ಬಡದೀರಿ?

ವರ್ಜೀನಿಯಾ ಮೈಸೂರಿಗ:

ಸರ್, ತುಂಬಾ ಥ್ಯಾಂಕ್ಸ್, ಇವತ್ತು ರಾತ್ರಿ ಮಕ್ಕಳು ಮಲಗಿದ್ಮೇಲೆ ಕೂತು ನೀವು ಹೇಳ್ದಂಗೇ ಮಾಡ್ದೆ. 1, 2, 4, 6 ಸರಿ ಇದೆ. 3 ಮತ್ತೆ 5 ಫುಲ್ ಕಾಕ್ ಆದ್ಮೇಲೂ ಕೂರಲ್ಲ. ಗೆರೆನೂ ಇದೆ. ಸಿಲಿಂಡರ್ ಮೇಲೆ ಹಡಗಿನ ಯುದ್ಧದ ಕೆತ್ತನೆ ಇದೆಯಲ್ಲ, ಟೆಕ್ಸಾಸ್ ನೇವಿ ಮೆಕ್ಸಿಕೋದವ್ರ ಜೊತೆ 16 ಮೇ 1843ರಲ್ಲಿ ಹೊಡೆದಾಡಿದ್ದು, ಆ ತಾರೀಖೂ ಹಾಕಿದ್ದಾರೆ, ಬೋಲ್ಟ್ ಗೀಚಿ ಗೀಚಿ ಒಂದು ಕಡೆ ಕೆತ್ತನೆ ಮೇಲಿನ ಬಣ್ಣ ಹೋಗಿ ಬಿಳೀ ಪಟ್ಟೆ ಬಿದ್ದಿದೆ, ನೋಡಿದ್ರೆ ಹೊಟ್ಟೆ ಉರಿಯತ್ತೆ. ಬೆಣೆನ ಅಜ್ಜ ಮರದ ಸುತ್ತಿಗೇಲಿ ಬಡೀತಿದ್ರು, ನಾನೂ ಹಂಗೇ ಬಡೀತಿದ್ದೆ. ತಪ್ಪಾ?

ತೀರ್ಥಳ್ಳಿ ಕೇಪು:

ಮೈಸೂರಿನವ್ರೇ, ರಿಪೇರಿ ವಿಷ್ಯ ಧಾರವಾಡದವ್ರು ಹೇಳ್ತಾರೆ, ನಾನು ಮದ್ದು ಮತ್ತೆ ಕೇಪಿನ ಬಗ್ಗೆ ಹೇಳ್ತೀನಿ. ನಮ್ಮ ಅಜ್ಜಯ್ಯಂದು ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು ಮಾರಾಯ್ರೇ, ತೋಟಕ್ಕೆ ಮಂಗ ಬಂದ್ರೆ ಬರೀ ಮದ್ದು ತುಂಬಿ ಈಡು ಹಾರಿಸೋರು. ಅವ್ರು ಗಜ (ಮದ್ದು ಜಡಿಯೋ ಉದ್ದ ಕೋಲು) ಹಾಕಿ ಜಡಿಯೋವಾಗ ಒಂದೇ ಮಾತು ಹೇಳೋರು, ಮದ್ದಿಗೂ ಗುಂಡಿಗೂ ಮಧ್ಯ ಗಾಳಿ ಇರ್ಬಾರ್ದು ಅಂತ. ನಾನು ಪೆನ್ಸಿಲ್ವೇನಿಯಾಕ್ಕೆ ಬಂದು ರಿವಾಲ್ವರ್ ತುಂಬೋದು ಕಲ್ತಾಗ ಮೊದಲ ಪಾಠ ಇದೇ ಆಗಿತ್ತು.

.36 ನೇವಿಗೆ ಗುರಿ ಹೊಡೆಯೋಕೆ 15ರಿಂದ 20 ಗ್ರೇನ್ (ಮದ್ದಿನ ಅಳತೆ) ತ್ರೀ ಎಫ್ ಅನ್ನೋ ನುಣ್ಣನೆ ಕರಿಮದ್ದು ಸಾಕೇ ಸಾಕು. ಜಾಸ್ತಿ ಹಾಕಿದ್ರೆ ಸದ್ದು ಜಾಸ್ತಿ, ಗುರಿ ಕಮ್ಮಿ. ಆದ್ರೆ 15 ಹಾಕಿದಾಗ ಗುಂಡು ಚೇಂಬರ್ ಒಳಗೆ ತುಂಬಾ ಕೆಳಗೆ ಹೋಗತ್ತೆ, ಕೆಲವದ್ರಲ್ಲಿ ಗುಂಡು ಒತ್ತೋ ಲೋಡಿಂಗ್ ಲಿವರ್ ಅಲ್ಲಿ ತನಕ ತಲುಪೋದೇ ಇಲ್ಲ. ಅದಕ್ಕೆ ಮದ್ದಿನ ಮೇಲೆ ರವೆ ಹಾಕ್ತಾರೆ. ಹೌದು, ಉಪ್ಪಿಟ್ಟಿನ ರವೆನೇ, ಇಲ್ಲಿಯವ್ರು ಕ್ರೀಮ್ ಆಫ್ ವೀಟ್ ಹಾಕ್ತಾರೆ, ನಾನು ಮನೇಲಿರೋ ರವೆ ಹಾಕ್ತೀನಿ, ಒಣಗಿರ್ಬೇಕು ಅಷ್ಟೇ. ಗುಂಡು ಮೇಲೆ ಬರತ್ತೆ, ಬ್ಯಾರಲ್‌ಗೆ ಹತ್ರ ಆಗತ್ತೆ, ಗುರಿ ಕೂಡತ್ತೆ.

ಗುಂಡು ಮೆತ್ತನೆ ಶುದ್ಧ ಸೀಸದ್ದೇ ಆಗ್ಬೇಕು, .375 ಇಲ್ಲಾ .380 ಇಂಚು. ಒಳಗೆ ಒತ್ತುವಾಗ ಚೇಂಬರ್ ಬಾಯಲ್ಲಿ ಸುತ್ತ ಉಂಗುರದ ಥರ ಸಣ್ಣ ಸೀಸದ ಎಳೆ ಕತ್ತರಿಸಿ ಬರ್ಬೇಕು. ಆ ಉಂಗುರ ಬರ್ಲಿಲ್ಲ ಅಂದ್ರೆ ಗುಂಡು ಸಡಿಲ ಅಂತ ಅರ್ಥ, ಆ ಗುಂಡು ಬೇಡ. ಸಡಿಲ ಇದ್ರೆ ಒಂದರ ಬೆಂಕಿ ಪಕ್ಕದ ಚೇಂಬರ್‌ಗೆ ಹಾರಿ ಎರಡು ಮೂರು ಒಟ್ಟಿಗೆ ಹೊಡ್ಕೊಳ್ಳತ್ತೆ, ಚೈನ್ ಫೈರ್ ಅಂತಾರೆ, ನಾನು ಒಂದ್ಸಲ ದೂರದಿಂದ ನೋಡಿದ್ದೀನಿ, ಆ ಮನುಷ್ಯನ ಕೈ ಉಳ್ದಿದ್ದೇ ದೊಡ್ಡದು. ಗುಂಡಿನ ಕೆಳಗೆ ಜಿಡ್ಡಿನ ಫೆಲ್ಟ್ ಬಿಲ್ಲೆ ಇಲ್ಲಾ ಮೇಲೆ ಗ್ರೀಸು, ಎರಡ್ರಲ್ಲಿ ಒಂದು ಹಾಕಿ. ನಮ್ಮ ಮನೇಲಿ ದನದ ಕೊಬ್ಬು ತರಲ್ಲ, ನಾನು ಜೇನುಮೇಣಕ್ಕೆ ಆಲಿವ್ ಎಣ್ಣೆ ಕರಗಿಸಿ ಮಾಡ್ಕೊಳ್ತೀನಿ, ಬೇಸಿಗೇಲಿ ಮೇಣ ಸ್ವಲ್ಪ ಜಾಸ್ತಿ. ಕೇಪೂ ನಿಪ್ಪಲ್ ಮೇಲೆ ಬಿಗಿಯಾಗಿ ಕೂರ್ಬೇಕು, ಹಿಂದಿಂದಲೂ ಬೆಂಕಿ ಹೋಗ್ಬಹುದು ಅಂತಾರೆ.

ಕೇಪಿನ ಚೂರು ಸಿಕ್ಕಾಕ್ಕೊಳ್ಳೋದಕ್ಕೆ ಮೂರು ಕಾರಣ ನೋಡಿ. ಹಳೇ ನಿಪ್ಪಲ್‌ನ ತೂತು ತಿಂದು ದೊಡ್ಡದಾಗಿದ್ರೆ ಬೆಂಕಿ ಹಿಂದಕ್ಕೆ ಜೋರಾಗಿ ನುಗ್ಗಿ ಕೇಪನ್ನ ಚಿಂದಿ ಮಾಡತ್ತೆ. ಹ್ಯಾಮರ್ ಸ್ಪ್ರಿಂಗ್ ಮೆತ್ತಗಾಗಿದ್ರೆ ಹ್ಯಾಮರ್ ಹಿಂದಕ್ಕೆ ಹಾರಿ ಕೇಪು ಜಾಗ ಬಿಡತ್ತೆ. ಮೂರನೇದು ಹ್ಯಾಮರ್ ಮುಖದಲ್ಲಿ ಒಂದು ಸಣ್ಣ ಸೀಳು ಇರತ್ತಲ್ಲ, ಸಿಲಿಂಡರ್ ಹಿಂದಿರೋ ಪಿನ್ ಮೇಲೆ ಕೂರಿಸೋಕೆ ಇಟ್ಟಿರೋದು, ಕೇಪಿನ ತಾಮ್ರ ಆ ಸೀಳೊಳಗೆ ಒತ್ಕೊಂಡು ಹ್ಯಾಮರ್ ಎಳೆಯೋವಾಗ ಜೊತೆಗೇ ಎದ್ದು ಬರತ್ತೆ. ನಾನು ಆರೂ ನಿಪ್ಪಲ್ ಬದಲಾಯ್ಸಿದ ಮೇಲೆ ಮುಕ್ಕಾಲು ಪಾಲು ತೊಂದ್ರೆ ಹೋಯ್ತು. ಇಟಲಿದಕ್ಕೆ ಸಾಮಾನ್ಯವಾಗಿ ಎಂ 6, 0.75 ಪಿಚ್ ಬರತ್ತೆ, ಆದ್ರೂ ಅಳೆದೇ ತಗೊಳ್ಳಿ.

ಕಾವೇರಿ ತೀರ:

ಒಂದು ಸಣ್ಣ ಡೌಟು. ಕರಿಮದ್ದು ನಮ್ಮೂರ ಅಂಗಡೀಲಿ ಸಿಗಲ್ಲ, ಹೊಗೆ ಬರದ ಪಿಸ್ತೂಲ್ ಪೌಡರ್ ಎಲ್ಲ ಕಡೆ ಇದೆ. ಅದನ್ನೇ ಅರ್ಧ ಹಾಕಿದ್ರೆ ಆಗಲ್ವಾ?

ತೀರ್ಥಳ್ಳಿ ಕೇಪು:

ಬೇಡ, ದಯವಿಟ್ಟು ಬೇಡ. ಅರ್ಧನೂ ಬೇಡ, ಚಿಟಿಕೆನೂ ಬೇಡ. ಆ ಪೌಡರ್‌ನ ಒತ್ತಡವೇ ಬೇರೆ, ಈ ಸಿಲಿಂಡರ್ ಅದಕ್ಕೆ ಮಾಡಿದ್ದಲ್ಲ, ಒಡೆದು ಮುಖಕ್ಕೆ ಬರತ್ತೆ. ಕರಿಮದ್ದು ಸಿಗ್ಲಿಲ್ಲ ಅಂದ್ರೆ ಇದಕ್ಕೇ ಅಂತ ಮಾಡಿರೋ ಬದಲಿ ಮದ್ದು ಇದೆ, ಪೈರೋಡೆಕ್ಸ್ ಪಿ, ಟ್ರಿಪಲ್ ಸೆವೆನ್. ಟ್ರಿಪಲ್ ಸೆವೆನ್ ಸ್ವಲ್ಪ ಚುರುಕು, ಕರಿಮದ್ದಿನ ಅಳತೆಗಿಂತ 15 ಪರ್ಸೆಂಟ್ ಕಮ್ಮಿ ಹಾಕ್ಬೇಕು. ಯಾವ್ದೇ ಆದ್ರೂ ಮದ್ದಿನ ಫ್ಲಾಸ್ಕಿಂದ ಸೀದಾ ಚೇಂಬರ್‌ಗೆ ಸುರೀಬೇಡಿ, ಒಳಗೆ ಒಂದು ಕಿಡಿ ಉಳ್ದಿದ್ರೆ ಕೈಯಲ್ಲಿರೋ ಫ್ಲಾಸ್ಕೇ ಸಿಡಿಯತ್ತೆ. ಬೇರೆ ಅಳತೆಗೆ ಸುರ್ಕೊಂಡು ಅದ್ರಿಂದ ಹಾಕಿ.

ಧಾರವಾಡ ಫಿಟ್ಟರ್:

ಮೈಸೂರಿನವ್ರ, ಬೆಣೆ ಬಡಿಯೂದು ತಪ್ಪಲ್ರಿ, ಆದ್ರ ಎಲ್ಲಿಗೆ ನಿಲ್ಲಬೇಕು ಅನ್ನೂದು ತಿಳದಿರಬೇಕು. ಕೋಲ್ಟಿಗೆ ಸಿಲಿಂಡರ್ ಮ್ಯಾಲ ಫ್ರೇಮಿನ ಪಟ್ಟಿ ಇಲ್ಲ, ರೆಮಿಂಗ್ಟನ್ ಕಂಪನಿ ರಿವಾಲ್ವರ್ ಹಂಗಲ್ಲ ಇದು. ಬ್ಯಾರಲ್ ನಿಂತಿರೋದು ಸಿಲಿಂಡರ್ ತಿರುಗೂ ನಡುವಿನ ಆರ್ಬರ್ ಕಂಬ ಮತ್ತ ಆ ಬೆಣೆ ಮ್ಯಾಲ. ಆರ್ಬರ್ ತುದಿ ಬ್ಯಾರಲ್ ಒಳಗಿನ ತೂತಿನ ತಳಕ್ಕ ಹತ್ತಿ ನಿಲ್ಲಬೇಕು. ಇಟಲಿ ರೆಪ್ಲಿಕಾ ಕೆಲವದರಾಗ ಆರ್ಬರ್ ಒಂಚೂರು ಗಿಡ್ಡ ಇರ್ತೈತಿ, ಆವಾಗ ಬೆಣೆ ಬಡದಷ್ಟೂ ಬ್ಯಾರಲ್ ಹಿಂದ ಬಂದು ಸಿಲಿಂಡರ್ ಮೂತಿಗೆ ಒತ್ತತೈತಿ, ಸಿಲಿಂಡರ್ ಬಿಗಿ ಆಗ್ತೈತಿ, ಹ್ಯಾಂಡ್ ಮ್ಯಾಲ ಭಾರ ಬೀಳತೈತಿ, ಅದಕ್ಕ ಬ್ಯಾಗ ಸವೀತೈತಿ. ಅಂದ್ರ ನಿಮ್ಮ ಹ್ಯಾಂಡ್ ಯಾಕ ಸವೀತು ಅನ್ನೂದರ ಬುಡ ಇಲ್ಲೇ ಇರಬಹುದು. ಹೊಸ ಹ್ಯಾಂಡ್ ಹಾಕಿ ಇದನ್ನ ಬಿಟ್ರ ಅದೂ ಸವೆದು ಹೋಗ್ತೈತಿ.

ನೋಡೂದು ಹಿಂಗ. ಬ್ಯಾರಲ್ ಬಿಚ್ಚಿ, ಓರೆ ತಿರುಗಿಸಿ ಫ್ರೇಮಿಗೆ ತಾಕದಂಗ ಆರ್ಬರಿಗೆ ಏರಿಸಿ ತಳ ಮುಟ್ಟೂ ತನಕ ದೂಡ್ರಿ. ಈಗ ಬ್ಯಾರಲ್‌ನ ಕೆಳಗಿನ ತುಂಡನ್ನ ಫ್ರೇಮಿನ ಕಡೆ ತಿರುಗಸ್ರಿ. ಎರಡೂ ಮುಖ ಸಮ ಬಂದ್ರ ಆರ್ಬರ್ ಸರಿ. ಫ್ರೇಮಿನ ಅಂಚು ದಾಟಿ ಒಳಗ ಬಂದು ತಡೀತು ಅಂದ್ರ ಆರ್ಬರ್ ಗಿಡ್ಡ. ಎಷ್ಟು ದಾಟೇತಿ ಅಷ್ಟ ದಪ್ಪದ ಸ್ಟೀಲ್ ಬಿಲ್ಲಿ ಮಾಡಿ ತೂತಿನ ತಳಕ್ಕ ಹಾಕಬೇಕು, ಒಂಚೂರು ದಪ್ಪ ಮಾಡ್ಕೊಂಡು ಉಜ್ಜಿ ಉಜ್ಜಿ ಹೊಂದಸ್ರಿ. ಕಡೀಕ ಬೆಣೆ ಬಿಗಿ ಆದಾಗ ಸಿಲಿಂಡರಿಗೂ ಬ್ಯಾರಲ್ಲಿಗೂ ನಡಕ 0.003ರಿಂದ 0.006 ಇಂಚು ಸಂದಿ ಉಳಿಬೇಕು. ಸಂದಿ ಅಳಿಯೋ ಫೀಲರ್ ಗೇಜಿನ್ಯಾಗ ನೋಡ್ರಿ, ಕಣ್ಣಳತಿ ಬ್ಯಾಡ.

ಆಮ್ಯಾಲ ಹ್ಯಾಂಡ್. ಹೊಸಾದು ತರಸ್ರಿ, ಸ್ಪ್ರಿಂಗ್ ಸಮೇತ ಬರ್ತೈತಿ. ಹೊಸಾದು ಉದ್ದ ಇರ್ತೈತಿ, ಹಾಕಿದ ಕೂಡ್ಲೆ ಹ್ಯಾಮರ್ ಫುಲ್ ಕಾಕಿಗೆ ಬರೂದ ಇಲ್ಲ, ಹೆದರಬ್ಯಾಡ್ರಿ. ತುದಿಗೆ ಸಣ್ಣ ಅರದಿಂದ ಎರಡು ಸಲ ಎಳೀರಿ, ಹಾಕ್ರಿ, ಆರೂ ಚೇಂಬರ್ ನೋಡ್ರಿ, ಮತ್ತ ತಗೀರಿ. ನಾ ಮೊದಲ ಸಲ ಮಾಡಿದಾಗ ಹದಿನೆಂಟು ಸಲ ಬಿಚ್ಚಿ ಹಾಕಿದ್ದೆ. ಎಲ್ಲಾಕಿಂತ ತಡವಾಗಿ ಕುಂಡ್ರೂ ಚೇಂಬರ್ ಯಾವುದೈತಿ, ಅದನ್ನ ನೋಡಿ ನಿಲ್ಲಸ್ರಿ. ನಿಮ್ಮದ್ರಾಗ 3 ಇಲ್ಲಾ 5 ಆಗಿರ್ತೈತಿ.

ಸಿಲಿಂಡರಿನ ಹಲ್ಲಿಗೆ ಅರ ತಾಕಿಸಬ್ಯಾಡ್ರಿ. ಹ್ಯಾಮರಿನ ಕಚ್ಚಿಗೂ ತಾಕಿಸಬ್ಯಾಡ್ರಿ. ಹ್ಯಾಂಡ್ ಕೆಟ್ಟರ ಸ್ವಲ್ಪ ರೊಕ್ಕ ಹೋಗ್ತೈತಿ, ಸಿಲಿಂಡರ್ ಕೆಟ್ಟರ ರಿವಾಲ್ವರ್ ಹೋಗ್ತೈತಿ.

ಗೆರಿ ಬಿದ್ದದ್ದು ಬೋಲ್ಟ್ ಲಗೂನ ಮ್ಯಾಲ ಏಳೋದಕ್ಕ. ಬೋಲ್ಟಿನ ಕಾಲು ಹ್ಯಾಮರಿನ ಸಣ್ಣ ಗುಬುಟಿನ ಮ್ಯಾಲ ಹತ್ತಿ ಇಳೀತೈತಿ, ಎರಡರಾಗ ಒಂದು ಸವೆದಿರ್ತೈತಿ. ಅದಕ್ಕೂ ಹೊಸ ಬೋಲ್ಟ್ ಹಾಕೂದ ಚಲೋ. ಸ್ಕ್ರೂ ಬಿಚ್ಚೂವಾಗ ಸೀಳಿಗೆ ಪೂರ್ತಿ ಹೊಂದೋ ಸ್ಕ್ರೂಡ್ರೈವರ್ ಇರ್ಲಿ, ಹಿಂದಿನ ದಿನ ರಾತ್ರಿನ ಎಣ್ಣಿ ಹನಿಸಿ ಇಡ್ರಿ.

ಮಡಿಕೇರಿ ಮಂಜು:

ರಿಪೇರಿ ಬಗ್ಗೆ ನಾನು ಹೇಳೋದೇನಿಲ್ಲ, ಒಳ್ಳೇ ಮಾತು ಬಂದಿದೆ. ಕಾನೂನಿನ ಬಗ್ಗೆ ಎರಡು ಮಾತು ಹೇಳ್ಬೇಕು ಅನ್ನಿಸ್ತು, ಯಾಕಂದ್ರೆ ನಮ್ಮವರು ಓದಿ ಆಸೆಯಿಂದ ತರಿಸ್ಕೊಂಡು ಆಮೇಲೆ ತೊಂದ್ರೆಗೆ ಬೀಳ್ಬಾರ್ದು.

ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898 ಅಥವಾ ಅದಕ್ಕೂ ಹಿಂದೆ ಮಾಡಿದ್ದು, ಮತ್ತೆ ಅಂಥದರ ರೆಪ್ಲಿಕಾ ತೋಟೆ ಹಾಕೋ ಥರದ್ದಲ್ಲದಿದ್ರೆ, ಆಂಟಿಕ್ ಅಂತ ಲೆಕ್ಕ. ಅದಕ್ಕೇ ಇದನ್ನ ಅಂಚೆಯಲ್ಲಿ ಮನೆಗೆ ತರಿಸ್ಬಹುದು ಅಂತ ಎಲ್ರೂ ಹೇಳೋದು. ಆದ್ರೆ ಅದು ಫೆಡರಲ್ ಕಾನೂನು ಮಾತ್ರ. ರಾಜ್ಯದ ಕಾನೂನು ಬೇರೆ. ನ್ಯೂ ಜೆರ್ಸಿಯಲ್ಲಿ ಇದನ್ನೂ ಉಳಿದ ಹ್ಯಾಂಡ್‌ಗನ್ ಥರಾನೇ ನೋಡ್ತಾರೆ, ಪರ್ಮಿಟ್ ಬೇಕು. ವೀಸಾದಲ್ಲಿ ಇರೋರು ವಕೀಲರನ್ನ ಕೇಳದೆ ಕೈ ಹಾಕ್ಬೇಡಿ. ಊರಿಗೆ ತಗೊಂಡು ಹೋಗೋ ಯೋಚನೆ ಯಾರಿಗಾದ್ರೂ ಇದ್ರೆ ಈಗಲೇ ಬಿಟ್ಟುಬಿಡಿ, ಅಲ್ಲಿ 1959ರ ಆರ್ಮ್ಸ್ ಆಕ್ಟ್ ಇದೆ, ರೆಪ್ಲಿಕಾ ಅಂದ್ರೂ ಗುಂಡು ಹಾರತ್ತಲ್ಲ.

ನಮ್ಮ ಕೊಡಗಿನ ವಿನಾಯಿತಿ ಇದೆಯಲ್ಲ ಅಂತ ಕೆಲವರು ನನ್ನ ಕೇಳ್ತಾರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇರೋದು ನಿಜ, 2019ರಲ್ಲಿ ಅದನ್ನ 2029ರ ತನಕ ಮುಂದುವರ್ಸಿದ್ರು. ಅದು ಮನೆತನದ ಕೋವಿಗೆ ಇರೋದು, ವಿದೇಶದಿಂದ ರಿವಾಲ್ವರ್ ತರೋಕೆ ಅಲ್ಲ. ಕೈಲ್ ಪೊಳ್ದ್ ಅನ್ನೋ ನಮ್ಮ ಆಯುಧ ಪೂಜೆ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡಿ ಆಮೇಲೆ ತೆಂಗಿನಕಾಯಿಗೆ ಗುರಿ ಇಡೋದು ನೋಡ್ಕೊಂಡು ಬೆಳ್ದವನು ನಾನು. ಅಲ್ಲಿ ಹಿರಿಯರು ಚಿಕ್ಕ ಮಕ್ಕಳಿಗೆ ಮೊದಲು ಕಲ್ಸೋದು ಕೋವಿ ಮೂತಿ ಎತ್ತ ಇರ್ಬೇಕು ಅನ್ನೋದನ್ನ. ಮೈಸೂರಿನವ್ರೇ, ಕೇಪು ಹೊಡೆದು ಈಡು ಹಾರ್ಲಿಲ್ಲ ಅಂದ್ರೆ ಮೂತಿ ಗುರಿ ಕಡೆಗೇ ಇಟ್ಟು ಒಂದು ಪೂರ್ತಿ ನಿಮಿಷ ಕಾಯಿರಿ. ತಡವಾಗಿ ಹಾರೋದುಂಟು.

ವರ್ಜೀನಿಯಾ ಮೈಸೂರಿಗ:

ಎಲ್ರಿಗೂ ನಮಸ್ಕಾರ, ಆರು ವಾರ ಆಯ್ತು, ಅಪ್ಡೇಟ್ ಕೊಡ್ಲೇಬೇಕು. ಧಾರವಾಡದವ್ರು ಹೇಳಿದ್ದು ನೂರಕ್ಕೆ ನೂರು ನಿಜ ಆಯ್ತು. ಆರ್ಬರ್ ಗಿಡ್ಡ ಇತ್ತು, ಫ್ರೇಮ್ ಅಂಚು ದಾಟಿ ಒಂದು ಮಿಲಿಮೀಟರ್ ಹತ್ರ ಒಳಗೆ ಬರ್ತಿತ್ತು. ಡ್ರಿಲ್ ಬಿಟ್ಟಿನ ಹಿಡಿ ಕಡೆಯಿಂದ ಒಂದು ತುಂಡು ಕತ್ತರಿಸಿ ಬಿಲ್ಲೆ ಮಾಡಿ ಉಜ್ಜಿ ಹಾಕ್ದೆ, ಈಗ ಬೆಣೆ ಎಷ್ಟೇ ಬಡಿದ್ರೂ ಸಂದಿ 0.005 ಇಂಚಲ್ಲೇ ನಿಲ್ಲತ್ತೆ. ಹೊಸ ಹ್ಯಾಂಡ್ ಬಂತು, ಮೂರು ರಾತ್ರಿ ಕೂತೆ. ಅಡುಗೆಮನೆ ಟೇಬಲ್ ಮೇಲೆ ಹಳೇ ಟವೆಲ್ ಹಾಸ್ಕೊಂಡು, ಎರಡು ಸಲ ಅರ ಎಳೆಯೋದು, ಜೋಡ್ಸೋದು, ಆರೂ ನೋಡೋದು, ಮತ್ತೆ ಬಿಚ್ಚೋದು. 3ನೇದು ಕೊನೇಗೆ ಕೂತಾಗ ಆ ಎರಡು ಸದ್ದು ಒಂದೇ ಸದ್ದಾಗಿ ಬಂತು, ಅದನ್ನ ಹೇಗೆ ಹೇಳೋದೋ ಗೊತ್ತಿಲ್ಲ, ಬೀಗ ಬಿದ್ದಂಗೆ ಗಟ್ಟಿ ಸದ್ದು.

ಮಾರನೇ ದಿನ ಖಾಲಿ ರಿವಾಲ್ವರ್ ತಗೊಂಡು ಅಜ್ಜನ ಮನೆಗೆ ಹೋದೆ. ಅವರು ಕೈಗೆ ತಗೊಂಡು ಮೊದಲು ನಿಪ್ಪಲ್ ಇರೋ ಆರೂ ಗೂಡಿಗೆ ಕಿರುಬೆರಳಿಟ್ಟು ಖಾಲಿ ಇದೆಯಾ ಅಂತ ಮುಟ್ಟಿ ನೋಡಿದ್ರು, ಆಮೇಲೆ ಕಿವಿ ಹತ್ರ ಹಿಡ್ಕೊಂಡು ಭಾಳ ನಿಧಾನಕ್ಕೆ ಆರು ಸಲ ಎಳೆದ್ರು, ಪ್ರತಿ ಸಲ ಹ್ಯಾಮರ್‌ನ ಹೆಬ್ಬೆರಳಲ್ಲಿ ತಡೆದು ಮೆಲ್ಲಗೆ ಇಳಿಸಿದ್ರು. ಮೂರನೇ ಸಲಕ್ಕೆ ಒಂದು ಕ್ಷಣ ನಿಂತು ತಲೆ ಆಡಿಸಿದ್ರು. ಮೂರನೇದೇ ಕೆಟ್ಟಿತ್ತು ಅಂತ ನಾನು ಹೇಳಿರ್ಲಿಲ್ಲ.

ನಿಪ್ಪಲ್ ಆರೂ ಬದಲಾಯ್ಸಿದ್ದೀನಿ, ಹ್ಯಾಮರ್ ಮುಖ ಪಾಲಿಷ್ ಮಾಡ್ದೆ. 15 ಗ್ರೇನ್ ತ್ರೀ ಎಫ್, ಮೇಲೆ ರವೆ, ಜೇನುಮೇಣದ ಬಿಲ್ಲೆ, .375 ಗುಂಡು. ರೇಂಜ್ ಆಫೀಸರ್ ತಾವೇ ಎಳೆದು ನೋಡಿ ಒಪ್ಪಿದ್ರು. 36 ಈಡಲ್ಲಿ ಕೇಪು ಸಿಕ್ಕಾಕ್ಕೊಂಡಿದ್ದು ಒಂದೇ ಸಲ. ಸೀಸ ಸಿಡಿಯೋದು ನಿಂತೇಹೋಯ್ತು. ಕೊನೇ 13 ಈಡನ್ನ ಪಂದ್ಯದ ಲೆಕ್ಕದಲ್ಲೇ ಹೊಡೆದೆ, ಅಂತರರಾಷ್ಟ್ರೀಯ ಪಂದ್ಯದಲ್ಲಿ 25 ಮೀಟರ್, 30 ನಿಮಿಷದಲ್ಲಿ 13 ಹೊಡೆದು ಒಳ್ಳೇ 10 ಎಣಿಸ್ತಾರಲ್ಲ ಹಂಗೆ. ಹತ್ತೂ ಒಂದು ಅಂಗೈಯಗಲಕ್ಕೆ ಕೂತಿದೆ. ಆದ್ರೆ ಇನ್ನೂ 8 ಇಂಚು ಮೇಲೆ, ಒಂದು ಇಂಚು ಎಡಕ್ಕೆ! ಈಗ ಗುರಿ ನೋಡೋ ಸೈಟ್‌ಗೆ ಕೈ ಹಾಕ್ಬಹುದಾ?

ತೀರ್ಥಳ್ಳಿ ಕೇಪು:

ಭಾಳ ಖುಷಿ ಆಯ್ತು ಮಾರಾಯ್ರೇ. ಮನೆಗೆ ಬಂದ ದಿನವೇ ತೊಳೆಯೋದು ಮರೀಬೇಡಿ, ಕರಿಮದ್ದಿನ ಮಸಿ ಗಾಳಿಯ ನೀರು ಎಳ್ಕೊಂಡು ಒಂದೇ ರಾತ್ರೀಲಿ ತುಕ್ಕು ತರತ್ತೆ. ಬಿಸಿನೀರು, ಸೋಪು, ಕೊಳೆತ ಮೊಟ್ಟೆ ವಾಸನೆ ಬರತ್ತೆ, ಹೆಂಡ್ತಿ ಮಕ್ಕಳಿಗೆ ಮೊದಲೇ ಹೇಳಿಡಿ. ನಿಪ್ಪಲ್ ಬಿಚ್ಚಿ ತೊಳೆದು, ಪೂರ್ತಿ ಒಣಗ್ಸಿ, ಆಮೇಲೆ ಎಣ್ಣೆ.

ಧಾರವಾಡ ಫಿಟ್ಟರ್:

ಈಗ ಹಾಕಬಹುದ್ರಿ. ಮ್ಯಾಲ ಹೊಡಿಯೂದು ಈ ರಿವಾಲ್ವರಿನ ಹುಟ್ಟುಗುಣ, ಆ ಕಾಲದಾಗ ಇವನ್ನ 25 ಗಜದ ಕಾಗದಕ್ಕ ಹೊಂದಿಸಿರಲಿಲ್ಲ. ವೈಲ್ಡ್ ಬಿಲ್ ಹಿಕಾಕ್ ಅಂತ ಆ ಕಾಲದ ಹೆಸರಾದ ಗುರಿಗಾರ 1865ರಾಗ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನ್ಯಾಗ ಡೇವಿಸ್ ಟಟ್‌ಗ ಹೊಡದದ್ದು ಸುಮಾರು 75 ಗಜದಿಂದ ಅಂತ ಹೇಳ್ತಾರ, ಅವನ ಕೈಯಾಗೂ ನೇವಿನ ಇತ್ತಂತ.

ಲೆಕ್ಕ ಹಿಂಗೈತಿ. ಹಿಂದಿನ ಸೈಟ್ ಅಂದ್ರ ಹ್ಯಾಮರ್ ಮೂಗಿನ ಸೀಳು, ಅಲ್ಲಿಂದ ಮುಂದಿನ ಸೈಟಿಗೆ, ಅಂದ್ರ ಬ್ಯಾರಲ್ ತುದಿಯ ಹಿತ್ತಾಳಿ ಮಣಿಗೆ, ಸುಮಾರು 10 ಇಂಚು ಇಟ್ಕೊಳ್ರಿ. 25 ಗಜ ಅಂದ್ರ 900 ಇಂಚು. 8ನ್ನ 10ರಿಂದ ಗುಣಿಸಿ 900ಕ್ಕ ಭಾಗಿಸಿದ್ರ 0.09 ಇಂಚು ಬರ್ತೈತಿ, ಎರಡೂಕಾಲು ಮಿಲಿಮೀಟರ್. ಮುಂದಿನ ಸೈಟ್ ಅಷ್ಟು ಎತ್ತರ ಆಗಬೇಕು. ನೀವು ಹಳೇದಕ್ಕಿಂತ ಮೂರೂವರೆ ಮಿಲಿಮೀಟರ್ ಎತ್ತರ ಇಟ್ಟು ಹೊಸಾದು ಕೂಡಸ್ರಿ. ಗುಂಡು ಕೆಳಗ ಬೀಳ್ತಾವು, ಬೀಳ್ಲಿ. ರೇಂಜಿಗೆ ಅರ ತಗೊಂಡು ಹೋಗಿ, ಐದು ಈಡು ಹೊಡದು, ರಿವಾಲ್ವರ್ ಪೂರ್ತಿ ಖಾಲಿ ಮಾಡಿ, ಸೈಟಿನ ನೆತ್ತಿ ಒಂಚೂರು ಉಜ್ಜಿ, ಮತ್ತ ಐದು ಹೊಡದು, ಹಂಗ ಮ್ಯಾಲ ತರ್ರಿ. ಉಜ್ಜಿದ್ದು ತಿರುಗಿ ಹತ್ತಸಾಕ ಬರೂದಿಲ್ಲ, ಅದಕ್ಕ ಎರಡು ಮೂರು ದಿನ ಹಿಡೀಲಿ.

ಎಡಕ್ಕ ಹೋಗೂದು ಒಂದ ಇಂಚು, ಅದನ್ನ ಕಡೀಕ ಇಡ್ರಿ. ಟ್ರಿಗರ್ ಎಳಿಯೋ ಬೆರಳಿನ್ಯಾಗ ಇದ್ರೂ ಇರ್ತೈತಿ. ಇನ್ನೊಂದು ಐವತ್ತು ಈಡು ಹೊಡದ ಮ್ಯಾಲೂ ಎಡಕ್ಕ ಉಳೀತು ಅಂದ್ರ ಹ್ಯಾಮರ್ ಸೀಳಿನ ಬಲಗಡೆ ಅಂಚಿಗೆ ಅರ ಒಂದ ಸಲ ಎಳೀರಿ, ಒಂದ ಸಲ ಮಾತ್ರ. ಆಮ್ಯಾಗ ಹೊಡದು ಇಲ್ಲಿ ಬರೀರಿ.